ಬೆಳಗಿನ ಏರಿಕೆ ಕಾಣೆಯಾದ ಮೇಲೆ

ಇಪ್ಪತ್ತೆರಡು ವರ್ಷಗಳಿಂದ ನನಗೂ ನಸುಕಿನ ನಾಲ್ಕು ಗಂಟೆಗೂ ಜಗಳ ನಡೆದೇ ಇತ್ತು. ರಾತ್ರಿ ಮಲಗುವಾಗ 120 ಇದ್ದ ಸಕ್ಕರೆ, ನಡುವೆ ಏನೊಂದೂ ತಿನ್ನದಿದ್ದರೂ ಬೆಳಿಗ್ಗೆ ಏಳುವ ಹೊತ್ತಿಗೆ 190 ಆಗಿರುತ್ತಿತ್ತು. ನಸುಕಿನಲ್ಲಿ ದೇಹ ಏಳುವುದಕ್ಕೆ ಸಿದ್ಧವಾಗುತ್ತ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಎಂದು ಒಂದಿಷ್ಟನ್ನು ರಕ್ತಕ್ಕೆ ಬಿಡುತ್ತದೆ. ಅವುಗಳ ಮಾತು ಕೇಳಿ ಯಕೃತ್ತು ಗ್ಲೂಕೋಸ್ ಸುರಿಯುತ್ತದೆ. ಮಧುಮೇಹ ಇಲ್ಲದವರಲ್ಲಿ ಮೇದೋಜೀರಕ ಗ್ರಂಥಿ ಸದ್ದಿಲ್ಲದೆ ಒಂದಿಷ್ಟು ಇನ್ಸುಲಿನ್ ಸೇರಿಸಿ ಲೆಕ್ಕ ಸರಿಮಾಡಿಬಿಡುತ್ತದೆ. ನನ್ನದು ಹನ್ನೊಂದನೇ ವಯಸ್ಸಿಗೇ ಆ ಕೆಲಸ ಬಿಟ್ಟಿತು. ಹಾಗಾಗಿ ನನ್ನ ಬೆಳಗುಗಳು ಬಹುಪಾಲು ಶುರುವಾಗುತ್ತಿದ್ದದ್ದು ಬೈಗುಳದಿಂದಲೇ.

ಒಂದು ದಿನ ಆ ಏರಿಕೆ ನಿಂತುಹೋಯಿತು. 108, 97, 101. ಎದ್ದ ಕೂಡಲೇ ಇಂಥ ಅಂಕಿಗಳನ್ನು ನೋಡಿ ಎಷ್ಟು ವರ್ಷವಾಗಿತ್ತೋ! ಯಾಕೆ ಹೀಗಾಯಿತು ಎಂದು ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ. ಗೆದ್ದೆ ಎಂದುಕೊಂಡೆ.

ಹಾಗೆ ಅಂದುಕೊಳ್ಳುವುದಕ್ಕೆ ಒಂದು ಕಾರಣವೂ ಕೈಯಲ್ಲಿತ್ತು. ಎರಡು ತಿಂಗಳ ಹಿಂದೆ ತಪಾಸಣೆಗೆ ಹೋದಾಗ ನರ್ಸ್ ಒಬ್ಬರು ನನ್ನನ್ನು ಮಲಗಿಸಿ ಹೊಟ್ಟೆಯ ಮೇಲೆ ಬೆರಳಾಡಿಸಿದ್ದರು. ಹೊಕ್ಕುಳಿನ ಬಲಕ್ಕೆ ಒಂದು ಕಡೆ ಬೆರಳು ನಿಲ್ಲಿಸಿ, "ಇಲ್ಲಿ ನೀವೇ ಮುಟ್ಟಿ ನೋಡಿ" ಎಂದರು. ಮುಟ್ಟಿದೆ. ಚರ್ಮದ ಅಡಿಯಲ್ಲಿ ರಬ್ಬರಿನ ಬಿಲ್ಲೆ ಇಟ್ಟು ಹೊಲಿದ ಹಾಗಿತ್ತು. ನೋವಿಲ್ಲ, ಬಣ್ಣ ಬದಲಾಗಿಲ್ಲ, ಕನ್ನಡಿಯಲ್ಲಿ ನೋಡಿದರೆ ಕಾಣುವಂಥದ್ದೂ ಅಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಇನ್ಸುಲಿನ್ ಚುಚ್ಚಿದರೆ ಅಲ್ಲಿನ ಕೊಬ್ಬು ಹೀಗೆ ಗಂಟುಕಟ್ಟುತ್ತದೆ. ಗಂಟಿನಲ್ಲಿ ಸೂಜಿ ಇಳಿದದ್ದು ಅಷ್ಟಾಗಿ ಗೊತ್ತಾಗುವುದಿಲ್ಲವಾದ್ದರಿಂದ ಕೈ ತಾನಾಗಿಯೇ ಅಲ್ಲಿಗೇ ಹೋಗುತ್ತದೆ, ಗಂಟು ಇನ್ನೂ ಬೆಳೆಯುತ್ತದೆ. ಅಲ್ಲಿ ಚುಚ್ಚಿದ ಇನ್ಸುಲಿನ್ ಒಂದು ದಿನ ಬೇಗ ರಕ್ತಕ್ಕೆ ಸೇರಿದರೆ ಇನ್ನೊಂದು ದಿನ ಅರ್ಧಕ್ಕರ್ಧ ಅಲ್ಲೇ ಕೂತಿರುತ್ತದೆ. "ಇನ್ನು ತೊಡೆಗೆ ಹೋಗಿ. ಆದರೆ ಹಳೆಯ ಪ್ರಮಾಣದಲ್ಲಿ ಹಾಕಬೇಡಿ, ಹತ್ತರಿಂದ ಇಪ್ಪತ್ತು ಪರ್ಸೆಂಟ್ ಕಡಿಮೆ ಮಾಡಿ ಶುರು ಮಾಡಿ" ಎಂದಿದ್ದರು. ದಿನಕ್ಕೆ ಒಟ್ಟು 40 ಯೂನಿಟ್ ಹಾಕುತ್ತಿದ್ದವಳು 34ಕ್ಕೆ ಇಳಿದೆ. ಅವರು ಹೇಳಿದಂತೆಯೇ ಎಲ್ಲ ಸರಿಹೋಯಿತು.

ಹಾಗಾಗಿ 34 ಎಂಬುದು 30 ಆದಾಗ, 30 ಎಂಬುದು 27 ಆದಾಗ, ಅದೆಲ್ಲ ಹೊಸ ಜಾಗದ ಮಹಿಮೆ ಎಂದೇ ತಿಳಿದೆ. ಬರಬೇಕಾಗಿದ್ದ ಇಳಿಕೆಯ ಬೆನ್ನಿಗೆ ಬರಬಾರದ ಇಳಿಕೆಯೊಂದು ಅವಿತು ಬಂದಿತ್ತು.

ದೇಹ ತಾನೇ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿಬಿಡುವ ಟೈಪ್ ಒಂದು ಮಧುಮೇಹದ ನನ್ನಂಥವರ ಇನ್ಸುಲಿನ್ ಅಗತ್ಯ ಕದಲದೆ ನಿಲ್ಲುವಂಥದ್ದೇನಲ್ಲ. ಜ್ವರ ಬಂದರೆ ಏರುತ್ತದೆ, ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಮೇಲಕ್ಕೆ ಹಾರುತ್ತದೆ. ಒಂದು ದಿನ ಹೆಚ್ಚು ದೂರ ನಡೆದರೆ ಮರುದಿನವೂ ಕಡಿಮೆ ಸಾಕಾಗುತ್ತದೆ. ನನಗಂತೂ ಮುಟ್ಟಿಗೆ ಮುಂಚಿನ ಐದಾರು ದಿನ ನಾಲ್ಕೈದು ಯೂನಿಟ್ ಹೆಚ್ಚು ಬೇಕಾಗುತ್ತಿತ್ತು, ಮುಟ್ಟಾದ ದಿನವೇ ದಡಕ್ಕನೆ ಇಳಿಯುತ್ತಿತ್ತು. ಇವೆಲ್ಲ ಪರಿಚಯದ ಏರಿಳಿತಗಳು, ಹೋದ ಮೇಲೆ ದೇಹ ಮತ್ತೆ ಹಳೆಯ ಅಂಕಿಗೇ ಬರುತ್ತದೆ. ಈ ಸಲ ಬರಲಿಲ್ಲ. ಎರಡು ಯೂನಿಟ್ ಕಡಿಮೆ ಮಾಡಿದರೆ ಮೂರು ದಿನ ನೆಮ್ಮದಿ, ನಾಲ್ಕನೆಯ ದಿನ ಮತ್ತೆ ಲೋ, ಅಂದರೆ ಸಕ್ಕರೆ ತೀರಾ ಇಳಿದುಬಿಡುವುದು. ಮುಟ್ಟಿಗೆ ಮುಂಚಿನ ಏರಿಕೆಯೂ ಆ ತಿಂಗಳು ಬರಲಿಲ್ಲ. ಅದನ್ನೂ ಲಾಭದ ಖಾತೆಗೇ ಬರೆದುಕೊಂಡೆ.

ಇಲ್ಲಿ ನನ್ನ ಹಳೆಯ ಒಂದು ಗಾಯದ ಮಾತು ಹೇಳಬೇಕು. ಹದಿನಾಲ್ಕನೇ ವಯಸ್ಸಿನಲ್ಲಿ ನನ್ನ ದಿನದ ಇನ್ಸುಲಿನ್ 62 ಯೂನಿಟ್ ಮುಟ್ಟಿತ್ತು. ಹರೆಯದಲ್ಲಿ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತವೆ, ಆಗ ತೂಕದ ಪ್ರತಿ ಕಿಲೋಗೆ ಒಂದೂವರೆ ಯೂನಿಟ್‌ವರೆಗೂ ಬೇಕಾಗುವುದುಂಟು ಎಂದು ಈಗ ಗೊತ್ತು. ಆಗ ಯಾರೂ ಹೇಳಲಿಲ್ಲ. ಅಂದಿನ ಡಾಕ್ಟರ್ ಕನ್ನಡಕದ ಮೇಲಿನಿಂದ ನೋಡಿ, "ಕದ್ದು ಏನು ತಿನ್ನುತ್ತಿದ್ದೀಯ, ನಿಜ ಹೇಳು" ಎಂದರು. ಅಮ್ಮ ಮನೆಗೆ ಬಂದು ನನ್ನ ಶಾಲೆಯ ಚೀಲ ಸುರುವಿ ನೋಡಿದಳು. ಏನೂ ಸಿಗಲಿಲ್ಲ, ಸಿಕ್ಕಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಅಂದಿನಿಂದ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತು: ಯೂನಿಟ್ ಏರಿದರೆ ತಪ್ಪಿತಸ್ಥೆ, ಇಳಿದರೆ ಜಾಣೆ. ಮೂವತ್ತು ದಾಟಿದ ಮೇಲೂ ಆ ಲೆಕ್ಕ ಅಳಿಸಿರಲಿಲ್ಲ. ದಿನಕ್ಕೆ 24 ಯೂನಿಟ್‌ಗೆ ಬಂದು ನಿಂತಾಗ ಗಾಬರಿಯಾಗುವ ಬದಲು ಬೀಗಿದ್ದು ಅದರಿಂದಲೇ.

ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ನನ್ನ ಬೀಗುವಿಕೆಗೆ ಸೀಲು ಒತ್ತಿತು. 7.4 ಇದ್ದದ್ದು 6.2. ಆಗ ನೋಡುತ್ತಿದ್ದ ಡಾಕ್ಟರ್, "ಇದು ನಿಮ್ಮ ಈವರೆಗಿನ ಅತ್ಯುತ್ತಮ ಫಲಿತಾಂಶ, ಹೀಗೇ ಮುಂದುವರಿಸಿ" ಎಂದರು. ಲೋ ಹೆಚ್ಚಾಗಿದೆ ಎಂದೆ. "ಇನ್ನೆರಡು ಯೂನಿಟ್ ಕಡಿಮೆ ಮಾಡಿಕೊಳ್ಳಿ" ಎಂದರು. ಸಲಹೆ ತಪ್ಪಲ್ಲ. ಆದರೆ ಸರಾಸರಿ ಎನ್ನುವುದು 250ನ್ನೂ 50ನ್ನೂ ಕೂಡಿ ಚಂದದ ಅಂಕಿ ಮಾಡಿ ತೋರಿಸುತ್ತದೆ. ವಾರಕ್ಕೆ ಐದಾರು ಸಲ 60ಕ್ಕಿಂತ ಕೆಳಗಿಳಿಯುವವಳ ಸರಾಸರಿ ಚೆನ್ನಾಗಿರದೆ ಇನ್ನೇನು? ರಕ್ತದ ವರದಿಯಲ್ಲಿ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಸ್ವಲ್ಪ ಹೆಚ್ಚಿತ್ತು, 7.8. ಅದಕ್ಕೊಂದು ಥೈರಾಯ್ಡ್ ಮಾತ್ರೆ ಬರೆದುಕೊಟ್ಟರು. ಚೀಟಿಯನ್ನು ಪರ್ಸಿಗೆ ಹಾಕಿಕೊಂಡೆ. ಮಾತ್ರೆ ತರುವುದು ಇಂದು ನಾಳೆ ಎಂದು ಮುಂದಕ್ಕೆ ಹೋಯಿತು. ಆ ಸೋಮಾರಿತನಕ್ಕೆ ನಾನು ಇವತ್ತಿಗೂ ಋಣಿ. ಯಾಕೆಂದು ಮುಂದೆ ಹೇಳುತ್ತೇನೆ.

ಬೀಗುವುದು ನಿಂತದ್ದು ಒಂದು ರಾತ್ರಿ ಮೂರು ಗಂಟೆಗೆ. ತೋಳಿಗೆ ಅಂಟಿಸಿಕೊಂಡಿದ್ದ, ಸಕ್ಕರೆ ಅಳೆಯುವ ಸೆನ್ಸರ್ ಕಿರುಚಿಕೊಂಡಿತು: 48. ಮಲಗಿದಾಗ ಮೈಭಾರ ಸೆನ್ಸರ್ ಮೇಲೆ ಬಿದ್ದು ಸುಳ್ಳು ಲೋ ತೋರಿಸುವುದೂ ಉಂಟು, ಆದ್ದರಿಂದ ಬೆರಳು ಚುಚ್ಚಿ ನೋಡಿದೆ. 51. ಸುಳ್ಳಲ್ಲ. ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತು 15 ಗ್ರಾಂ ಗ್ಲೂಕೋಸ್ ಮಾತ್ರೆ ಅಗಿದೆ, ಹದಿನೈದು ನಿಮಿಷ ಕಾದೆ. ನನ್ನ ದೇಹದಲ್ಲಿ ಅಷ್ಟಕ್ಕೆ 90 ಆಗಲೇಬೇಕು, ಇಪ್ಪತ್ತೆರಡು ವರ್ಷದ ಅನುಭವ. 54 ಆಗಿತ್ತು. ಮತ್ತೆ 15 ಗ್ರಾಂ, ಮತ್ತೆ ಹದಿನೈದು ನಿಮಿಷ. 57. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು, ಕಣ್ಣ ಮುಂದೆ ಕಪಾಟಿನ ಹಿಡಿ ಒಂದು ಎರಡಾಗಿ ಕಾಣುತ್ತಿತ್ತು. ಮೂರನೆಯ ಸಲ ಮಾತ್ರೆ ಅಗಿಯುವಾಗ ನನ್ನ ಎಡಗೈ ಏನು ಮಾಡುತ್ತಿದೆ ಎಂದು ಗಮನಿಸಿದೆ. ಅದು ಉಪ್ಪಿನ ಡಬ್ಬಿಯಲ್ಲಿತ್ತು. ಸೀಮೆಸುಣ್ಣದಂಥ ಸಿಹಿ ಮಾತ್ರೆ ಒಂದು, ನಡುವೆ ಒಂದು ಚಿಟಿಕೆ ಉಪ್ಪು, ಮತ್ತೆ ಮಾತ್ರೆ. ಕೆಲವು ವಾರಗಳಿಂದ ಹಾಗೆ ಉಪ್ಪು ನೆಕ್ಕುತ್ತಿದ್ದೆ. ಬಾಯಿಗೆ ರುಚಿ ಇಲ್ಲದ್ದಕ್ಕೆ ಎಂದುಕೊಂಡಿದ್ದೆ. ಮೇಲೇಳಲು ಮುಕ್ಕಾಲು ಗಂಟೆ ಹಿಡಿಯಿತು.

ಮರುದಿನ ಮಧ್ಯಾಹ್ನ ಇನ್ನೊಂದು. ಊಟಕ್ಕೆ ಮುಂಚೆ 210 ಇತ್ತು. ಊಟ ತಡವಾಗುವುದಿತ್ತು, ಇಳಿಸೋಣವೆಂದು ಹಳೆಯ ಅಭ್ಯಾಸದಂತೆ 2 ಯೂನಿಟ್ ಹಾಕಿದೆ. ವೇಗದ ಇನ್ಸುಲಿನ್ ಬಳಸುವವರಿಗೆ ಒಂದು ಸೂತ್ರ ಹೇಳಿಕೊಡುತ್ತಾರೆ: 1800ನ್ನು ದಿನದ ಒಟ್ಟು ಯೂನಿಟ್‌ನಿಂದ ಭಾಗಿಸಿದರೆ ಒಂದು ಯೂನಿಟ್ ಎಷ್ಟು ಇಳಿಸುತ್ತದೆ ಎಂಬ ಅಂದಾಜು ಸಿಗುತ್ತದೆ. 40 ಯೂನಿಟ್‌ನವಳಿಗೆ ಅದು 45. ಆದರೆ ನಾನಾಗಲೇ 22ಕ್ಕೆ ಬಂದಿದ್ದೆ. ಒಂದು ಯೂನಿಟ್‌ಗೆ 82. 90 ಇಳಿಯಬೇಕಾದಲ್ಲಿ 164 ಇಳಿಯಿತು. ಇನ್ಸುಲಿನ್ ಪೆನ್ನಿನ ಗುಂಡಿ ತಿರುಗಿಸುವ ಬೆರಳಿಗೆ ಮಾತ್ರ ಇನ್ನೂ 40ರ ಕಾಲವೇ.

ಆಮೇಲೆ ಪತ್ತೇದಾರಿಕೆ ಶುರು. ಪೆನ್ ಕೆಟ್ಟಿದೆಯೇ ಎಂದು ಗಾಳಿಗೆ 2 ಯೂನಿಟ್ ಚಿಮ್ಮಿಸಿ ನೋಡಿದೆ, ಸರಿಯಿತ್ತು. ಹೊಸ ಸೂಜಿ, ಹೊಸ ಪೆಟ್ಟಿಗೆಯ ಇನ್ಸುಲಿನ್, ಏನೂ ವ್ಯತ್ಯಾಸವಿಲ್ಲ. ಬಿಸಿಲಿಗೆ ಕೆಟ್ಟ ಇನ್ಸುಲಿನ್ ಆದರೆ ಸಕ್ಕರೆ ಏರಬೇಕೇ ಹೊರತು ಇಳಿಯಬಾರದು. ಬಸಿರಿನ ಮೊದಲ ತಿಂಗಳುಗಳಲ್ಲಿ ಅಗತ್ಯ ಇಳಿಯುವುದುಂಟು, ಪರೀಕ್ಷೆ ಮಾಡಿದೆ, ಅಲ್ಲ. ವ್ಯಾಯಾಮ ಹೆಚ್ಚಾಯಿತೇ? ಎರಡು ಮಹಡಿ ಹತ್ತುವುದಕ್ಕೇ ನಡುವೆ ಕೂರುತ್ತಿದ್ದೆ. ಮೂತ್ರಪಿಂಡ ಸೋತರೆ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ ಎಂದು ಓದಿ ಒಂದು ರಾತ್ರಿ ನಿದ್ದೆಗೆಟ್ಟೆ.

ಇನ್ನೊಂದು ರಾತ್ರಿ ಬೇರೆಯದೇ ಕಾರಣಕ್ಕೆ ನಿದ್ದೆ ಬರಲಿಲ್ಲ. ಕಾಯಿಲೆ ಗೊತ್ತಾದ ಹೊಸದರಲ್ಲಿ ಇನ್ಸುಲಿನ್ ಶುರುಮಾಡಿದ ಮೇಲೆ ಇನ್ಸುಲಿನ್ ತಯಾರಿಸುವ ಅಳಿದುಳಿದ ಬೀಟಾ ಕೋಶಗಳು ಕೆಲವು ತಿಂಗಳು ಚೇತರಿಸಿಕೊಳ್ಳುತ್ತವೆ, ಆಗ ಬಹಳ ಕಡಿಮೆ ಇನ್ಸುಲಿನ್ ಸಾಕಾಗುತ್ತದೆ. ಅದಕ್ಕೆ ಹನಿಮೂನ್ ಎನ್ನುತ್ತಾರೆ. ನನ್ನದು ಎಂಟು ತಿಂಗಳಿಗೆ ಮುಗಿದಿತ್ತು. ಇಪ್ಪತ್ತೆರಡು ವರ್ಷದ ಮೇಲೆ ಅವು ಮತ್ತೆ ಎದ್ದಿವೆಯೇನೋ ಎಂದು ಆ ರಾತ್ರಿ ಯೋಚಿಸಿದೆ. ಯಾರಿಗೂ ಹೇಳಲಿಲ್ಲ. ನಗುತ್ತಾರೆ ಎಂದಲ್ಲ, ಹೇಳಿದರೆ ಮುರಿದುಹೋಗುತ್ತದೆ ಎಂದು.

ಆ ಭಾನುವಾರ ಅಮ್ಮ ಬಂದಳು. ಬಾಗಿಲಲ್ಲೇ ನಿಂತು, "ಯಾವ ಬಿಸಿಲಲ್ಲಿ ಅಲೆದು ಬಂದೆಯೇ?" ಎಂದಳು. ಎಲ್ಲಿಗೂ ಹೋಗಿಲ್ಲಮ್ಮ, ಮನೆಯಿಂದ ಕಚೇರಿ, ಕಚೇರಿಯಿಂದ ಮನೆ ಎಂದೆ. ಅವಳು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಬೆರಳಿನ ಗಿಣ್ಣುಗಳು ಮಸಿ ಹಿಡಿದಂತೆ ಕಪ್ಪಾಗಿದ್ದವು. ಅಂಗೈ ಗೆರೆಗಳು ಪೆನ್ನಿನಿಂದ ತಿದ್ದಿದ ಹಾಗಿದ್ದವು. "ಕೈ ತೊಳೆದುಕೊಂಡು ಬಾ" ಎಂದಳು. ತೊಳೆದು ಬಂದೆ, ಹಾಗೇ ಇತ್ತು. ಅವಳ ಮುಖದಲ್ಲಿ ನನ್ನ ಶಾಲೆಯ ಚೀಲ ಸುರುವಿದ ದಿನದ ಅದೇ ಕಳವಳ ಕಂಡಿತು. ಈ ಸಲ ಮಾತ್ರ ಅವಳಿಗೆ ಏನೋ ಸಿಕ್ಕಿತ್ತು.

ಹೊಸ ಡಾಕ್ಟರ್ ಹಾರ್ಮೋನು ತಜ್ಞರು. ಅವರ ಮುಂದೆ ಸಕ್ಕರೆಯ ಅಂಕಿ ಬರೆದಿಡುವ ನನ್ನ ಮೂರು ತಿಂಗಳ ಪುಸ್ತಕವನ್ನಿಟ್ಟೆ. ಲೋಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೆ; ಅವರು ಅದನ್ನು ನೋಡಲೇ ಇಲ್ಲ. ಬೆಳಗಿನ ಖಾಲಿ ಹೊಟ್ಟೆಯ ಕಾಲಂ ಮೇಲೆ ಪೆನ್ನಿಟ್ಟು ಹಾಳೆ ಹಾಳೆಯಾಗಿ ಹಿಂದಕ್ಕೆ ಹೋದರು. ಒಂದು ಕಡೆ ನಿಂತು ಕೇಳಿದರು: "ಇಲ್ಲಿಯವರೆಗೆ ದಿನಾ 180, 190 ಇದೆ. ಇಲ್ಲಿಂದ ಮುಂದೆ ಇಲ್ಲ. ನಿಮಗೆ ಆಶ್ಚರ್ಯ ಆಗಲಿಲ್ಲವೇ?"

"ಖುಷಿಯಾಯಿತು ಡಾಕ್ಟರ್."

ಅವರು ನಗಲಿಲ್ಲ. ಮಲಗಿಸಿ ರಕ್ತದೊತ್ತಡ ನೋಡಿದರು, 100ಕ್ಕೆ 66. ಎಬ್ಬಿಸಿ ನಿಲ್ಲಿಸಿ ನೋಡಿದರು, 82ಕ್ಕೆ 58; ಅಷ್ಟರಲ್ಲಿ ನಾನು ಮೇಜು ಹಿಡಿದುಕೊಂಡಿದ್ದೆ. ಬಾಯಿ ತೆರೆಸಿ ಟಾರ್ಚ್ ಬಿಟ್ಟರು. ಒಸಡಿನ ಮೇಲೆ ನೀಲಿಗಪ್ಪು ಮಚ್ಚೆಗಳಿದ್ದವಂತೆ. ಹಳೆಯ ವರದಿ ನೋಡಿ ತಲೆಯೆತ್ತಿದರು. "ಥೈರಾಯ್ಡ್ ಮಾತ್ರೆ ಶುರು ಮಾಡಿದ್ದೀರಾ?" ಇಲ್ಲ ಎಂದೆ, ಬೈಸಿಕೊಳ್ಳಲು ಸಿದ್ಧಳಾಗಿ. "ಒಳ್ಳೆಯದಾಯಿತು. ಸದ್ಯಕ್ಕೆ ಬೇಡ" ಎಂದರು. ಥೈರಾಯ್ಡ್ ಹಾರ್ಮೋನು ಕಾರ್ಟಿಸಾಲನ್ನು ಬೇಗ ಖರ್ಚು ಮಾಡಿಸುತ್ತದೆ. ಕಾರ್ಟಿಸಾಲ್ ತೀರಾ ಕಡಿಮೆ ಇರುವವರು ಮೊದಲು ಆ ಮಾತ್ರೆ ನುಂಗಿದರೆ ಪ್ರಾಣಕ್ಕೇ ಬರಬಹುದು. ಕಾರ್ಟಿಸಾಲ್ ಕೊರತೆಯಿಂದಲೇ ಟಿಎಸ್‌ಎಚ್ ಸ್ವಲ್ಪ ಏರಿ, ಆಮೇಲೆ ತಾನಾಗಿ ಇಳಿಯುವುದೂ ಉಂಟು. ನನ್ನದು ಇಳಿಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದರು, ಒಂದು ಇಂಜೆಕ್ಷನ್ ಕೊಟ್ಟರು, ಅರ್ಧ ಗಂಟೆಯಾದ ಮೇಲೆ ಒಮ್ಮೆ, ಒಂದು ಗಂಟೆಯಾದ ಮೇಲೆ ಇನ್ನೊಮ್ಮೆ ರಕ್ತ ತೆಗೆದರು. ಆ ಇಂಜೆಕ್ಷನ್ ಅಡ್ರಿನಲ್ ಗ್ರಂಥಿಗಳಿಗೆ 'ಕಾರ್ಟಿಸಾಲ್ ಬಿಡಿ' ಎಂದು ಜೋರಾಗಿ ಆಜ್ಞೆ ಮಾಡಿದ ಹಾಗೆ. ಆರೋಗ್ಯವಂತರಲ್ಲಿ ಒಂದು ಗಂಟೆಯೊಳಗೆ ಮಟ್ಟ ಮೇಲಕ್ಕೆ ಜಿಗಿಯಬೇಕು. ನನ್ನದು 3.1ರಿಂದ 4.4ಕ್ಕೆ ಬಂದು ಸುಮ್ಮನಾಯಿತು. ಸೋಡಿಯಂ 129, ಕಡಿಮೆ. ಪೊಟ್ಯಾಸಿಯಂ ಹೆಚ್ಚು. ಉಪ್ಪಿನ ಡಬ್ಬಿಯ ರಹಸ್ಯ ಅದು. ಮೂತ್ರಪಿಂಡ ಸರಿಯಿತ್ತು. ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆ ಇರಬಹುದೇ ಎಂದು ನೋಡಿದ್ದು ಅಲ್ಲ ಎಂದು ಬಂತು. ಸ್ವಂತ ಇನ್ಸುಲಿನ್ ಉಳಿದಿದೆಯೇ ಎಂದು ತೋರಿಸುವ ಸಿ-ಪೆಪ್ಟೈಡ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆ ಸಾಲನ್ನು ಮಾತ್ರ ಎರಡು ಸಲ ಓದಿದೆ.

ಅಡಿಸನ್ ಕಾಯಿಲೆ. ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ್ದರಿಂದ ಆ ಹೆಸರು. ಹಾರ್ಮೋನು ಎಂಬ ಪದವೇ ಹುಟ್ಟದ ಕಾಲದಲ್ಲಿ ಆತ ಕಂಡದ್ದು ನಿಶ್ಶಕ್ತಿಯನ್ನು, ಕಪ್ಪಾಗುವ ಚರ್ಮವನ್ನು. ಅಮ್ಮ ಬಾಗಿಲಲ್ಲಿ ನಿಂತು ಕಂಡದ್ದೂ ಅದನ್ನೇ. ಹನ್ನೊಂದನೇ ವಯಸ್ಸಿನಲ್ಲಿ ಬೀಟಾ ಕೋಶಗಳನ್ನು ಮುಗಿಸಿದ ನನ್ನದೇ ರೋಗನಿರೋಧಕ ವ್ಯವಸ್ಥೆ ಈಗ ಮೂತ್ರಪಿಂಡಗಳ ಮೇಲಿರುವ ಈ ಎರಡು ಪುಟ್ಟ ಗ್ರಂಥಿಗಳಿಗೆ ಕೈ ಹಾಕಿತ್ತು. ಟೈಪ್ ಒಂದರವರಲ್ಲೂ ಇದು ಅಪರೂಪವೇ. ಆದರೆ ಬಂದರೆ, ಚರ್ಮ ಕಪ್ಪಾಗುವುದಕ್ಕೂ ಮುಂಚೆ ಇನ್ಸುಲಿನ್ ಅಗತ್ಯ ಇಳಿಯುವ ಮೂಲಕ ಸುದ್ದಿ ಕೊಡುವುದುಂಟು. ಕಾರ್ಟಿಸಾಲ್ ಇಲ್ಲದಿದ್ದರೆ ನಸುಕಿನ ಏರಿಕೆಯೂ ಕುಗ್ಗುತ್ತದೆ, ನನ್ನಲ್ಲಿ ನಿಂತೇಹೋಯಿತು. ಲೋ ಆದಾಗ ಯಕೃತ್ತಿನಿಂದ ಬರಬೇಕಾದ ನೆರವೂ ಅರೆಬರೆ. ನನ್ನ ಅತ್ಯುತ್ತಮ ಫಲಿತಾಂಶದ ಹಿಂದೆ ಇದ್ದದ್ದು ಇದು.

ಕಾರ್ಟಿಸಾಲಿನ ಬದಲಿಗೆ ಹೈಡ್ರೊಕಾರ್ಟಿಸೋನ್ ಮಾತ್ರೆ ಶುರುವಾಯಿತು: ಎದ್ದ ತಕ್ಷಣ 10 ಮಿಲಿಗ್ರಾಂ, ಮಧ್ಯಾಹ್ನ 5, ಸಂಜೆ 5. ಉಪ್ಪಿನಂಶ ಹಿಡಿದಿಡುವುದಕ್ಕೆ ಬೇರೊಂದು ಪುಟ್ಟ ಮಾತ್ರೆ. ಎರಡನೆಯ ದಿನವೇ ಮೆಟ್ಟಿಲುಗಳನ್ನು ಕೂರದೆ ಹತ್ತಿದೆ. ಮೂರನೆಯ ದಿನ ಹನ್ನೊಂದು ಗಂಟೆಗೆ ಸಕ್ಕರೆ 284. ಪೆನ್ ಹಿಡಿದ ಕೈಗೆ ಹದಿನಾಲ್ಕರ ನಾಚಿಕೆ ಒಂದು ಕ್ಷಣ ಮರಳಿ ಬಂತು. ಏನು ತಿಂದೆ ಎಂದು ನೆನಪಿಸಿಕೊಳ್ಳತೊಡಗಿದೆ. ಆಮೇಲೆ ನಕ್ಕೆ.

ಹಳೆಯದೆಲ್ಲ ಹಾಗೆಯೇ ಮರಳುತ್ತದೆ ಎಂದುಕೊಂಡಿದ್ದರೆ ಅದು ತಪ್ಪಾಯಿತು. ನಸುಕಿನ ಏರಿಕೆ ಬರಲೇ ಇಲ್ಲ. ಬರುವುದಾದರೂ ಹೇಗೆ, ಆ ಹೊತ್ತಿಗೆ ಸಂಜೆಯ ಮಾತ್ರೆ ಕರಗಿ ಮುಗಿದಿರುತ್ತದೆ, ಬೆಳಗಿನದು ಇನ್ನೂ ಡಬ್ಬಿಯಲ್ಲಿರುತ್ತದೆ. ನನ್ನ ಏರಿಕೆ ಈಗ ಹತ್ತು ಗಂಟೆಗೆ, ಮಾತ್ರೆಯ ಬೆನ್ನಿಗೆ. ಬೆಳಗಿನ ತಿಂಡಿಗೆ ಹತ್ತು ಗ್ರಾಂ ಕಾರ್ಬೋಹೈಡ್ರೇಟಿಗೆ ಒಂದು ಯೂನಿಟ್ ಬೇಕು, ರಾತ್ರಿಯ ಊಟಕ್ಕೆ ಇಪ್ಪತ್ತು ಗ್ರಾಂಗೆ ಒಂದು ಸಾಕು. ಹಗಲಿಗೊಂದು ದೇಹ, ರಾತ್ರಿಗೊಂದು. ಇಡೀ ದಿನಕ್ಕೆ ಹಾಕುವ ದೀರ್ಘಾವಧಿ ಇನ್ಸುಲಿನ್ನನ್ನು ರಾತ್ರಿಯ ದೇಹ ತಾಳುವಷ್ಟಕ್ಕೇ ಇಳಿಸಿ, ಹಗಲಿನ ಕೊರತೆಯನ್ನು ಊಟದ ಇನ್ಸುಲಿನ್‌ನಲ್ಲಿ ತುಂಬಿಕೊಳ್ಳುವುದನ್ನು ಕಲಿಯಲು ಎರಡು ತಿಂಗಳು ಹಿಡಿಯಿತು. ದಿನಕ್ಕೆ 36 ಯೂನಿಟ್ ಹತ್ತಿರ ನಿಂತಿತು. ಎಚ್‌ಬಿಎ1ಸಿ 7.1. ಹೊಸ ಡಾಕ್ಟರ್ ಅದನ್ನು ನೋಡಿ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಕಳೆದ ತಿಂಗಳು ಎಷ್ಟು ಲೋ ಎಂದಷ್ಟೇ ಕೇಳಿದರು.

ಜ್ವರ ಬಂದಾಗ ಇನ್ನೊಂದು ಪಾಠವಾಯಿತು. ಆರೋಗ್ಯವಂತರ ದೇಹ ಜ್ವರದಲ್ಲಿ ತಾನೇ ಹೆಚ್ಚು ಕಾರ್ಟಿಸಾಲ್ ಮಾಡಿಕೊಳ್ಳುತ್ತದೆ, ನನ್ನಂಥವರು ಹೈಡ್ರೊಕಾರ್ಟಿಸೋನ್ ಮಾತ್ರೆಯನ್ನು ದುಪ್ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅದರದೇ ಇಂಜೆಕ್ಷನ್ ಹಾಕಿಕೊಂಡು ಆಸ್ಪತ್ರೆಗೆ ಓಡಬೇಕು. ದುಪ್ಪಟ್ಟು ಮಾಡಿದೆ. ಇನ್ಸುಲಿನ್ 36ರಿಂದ 55ಕ್ಕೆ ಏರಿತು. ಮೂರು ಗಂಟೆಗೊಮ್ಮೆ ಸಕ್ಕರೆ, ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ಸೇರಿಕೊಳ್ಳುವ ಕೀಟೋನ್ ಎರಡೂ ನೋಡುತ್ತ ಮೂರು ದಿನ ಕಳೆದೆ. ನಾಲ್ಕನೆಯ ದಿನ ಜ್ವರ ಬಿಟ್ಟಿತು, ಮಾತ್ರೆ ಇಳಿಸಿದೆ, ರಾತ್ರಿಯ ಇನ್ಸುಲಿನ್ ಇಳಿಸುವುದನ್ನು ಮರೆತೆ. ಎರಡು ಗಂಟೆಗೆ ಸೆನ್ಸರ್ ಕೂಗಿತು, 61. ಮತ್ತೆ ಅದೇ ಅಡುಗೆಮನೆಯ ನೆಲ, ಅದೇ 15 ಗ್ರಾಂ. ಹದಿನೈದು ನಿಮಿಷಕ್ಕೆ 88. ಉಪ್ಪಿನ ಡಬ್ಬಿ ಮುಚ್ಚಿಯೇ ಇತ್ತು.

ಪುಸ್ತಕದಲ್ಲಿ ಈಗ ಇನ್ಸುಲಿನ್ ಕಾಲಂಗೆ ಮುಂಚೆ ಮಾತ್ರೆಗೂ ಒಂದು ಕಾಲಂ ಗೆರೆ ಎಳೆದುಕೊಂಡಿದ್ದೇನೆ. ಕಳೆದ ವಾರ ತಪಾಸಣೆಗೆ ಹೋದಾಗ ಮೊದಲಿನ ಆ ನರ್ಸ್ ಇದ್ದರು. ತೊಡೆಗಳ ಮೇಲೆ ಬೆರಳಾಡಿಸುತ್ತ ಬಲತೊಡೆಯ ಹೊರಗಡೆ ನಿಲ್ಲಿಸಿದರು. ನಾನೂ ಮುಟ್ಟಿ ನೋಡಿದೆ. ಚಿಕ್ಕದು, ಕಡಲೆಕಾಳಿನಷ್ಟು. "ಇನ್ನು ಕೆಲವು ತಿಂಗಳು ಈ ಕಡೆಗೆ ಬರಲೇಬೇಡಿ. 36ರಿಂದ 33ಕ್ಕೆ ಇಳಿಸಿ" ಎಂದರು. ಪುಸ್ತಕ ತೆಗೆದು 33 ಎಂದು ಬರೆದೆ. ನಾನು ಕೇಳುವ ಮುಂಚೆಯೇ ಅವರು ಮುಂದಿನ ಮಾತು ಹೇಳಿದರು: "ಅದಕ್ಕಿಂತ ಕೆಳಗೆ ಹೋದರೆ ಖುಷಿಪಡುತ್ತ ಕೂರಬೇಡಿ, ಫೋನ್ ಮಾಡಿ." ಅದನ್ನೂ 33ರ ಪಕ್ಕದಲ್ಲಿ ಬರೆದುಕೊಂಡೆ.